ಏಲ್ ಹರಿದ ಓಣಿ

ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಗುಡ್ಡದ ಬೆನ್ನಿಗೆ ಅಂಟಿಕೊಂಡಂತಿರುವ ಕೆಲ್ಡರ್ಬಿ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿನ ಸಂತೆಚೌಕದಿಂದ ಹೊಳೆಯ ಕಡೆಗೆ ಕಡಿದಾದ ಓಣಿಯೊಂದು ಇಳಿಯುತ್ತದೆ. ಎದುರುಬದುರು ಮನೆಯವರು ಕಿಟಕಿಯಲ್ಲೇ ಬೆಂಕಿಕೆಂಡ ಕೊಟ್ಟುಕೊಳ್ಳಬಹುದಾದಷ್ಟು ಇಕ್ಕಟ್ಟು. ನಡುವೆ ಕಲ್ಲಿನಲ್ಲಿ ಕೊರೆದ ಸಣ್ಣ ಕಾಲುವೆ. ಮೂಲೆಯ ಫಲಕದ ಮೇಲೆ 'ಏಲ್ವಾಷ್ ಲೇನ್' ಎಂದು ಬರೆದಿದೆ. ಏಲ್ ಎಂದರೆ ಬಾರ್ಲಿಯಿಂದ ತಯಾರಿಸುವ ಪೇಯ. ವಾಷ್ ಎಂದರೆ ತೊಳೆಯುವುದು. ಏಲಿನಿಂದ ತೊಳೆದ ಓಣಿ! ಹೊಸದಾಗಿ ಬಂದವರು ಇದು ಕುಡುಕರ ಕೇರಿಯಾಗಿತ್ತೇನೋ ಎಂದು ನಗುತ್ತಾರೆ. ಊರಿನ ಹಿರಿಯರು ಆ ನಗು ಮುಗಿದ ಮೇಲೆ ಎಮ್ಮಟ್ ಎಂಬ ಹೆಂಗಸಿನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಊರಿನ ಮನೆಗಳಿಗೆಲ್ಲ ಇನ್ನೂ ಹುಲ್ಲಿನ ಮಾಡು ಇದ್ದ ಕಾಲದಲ್ಲಿ, ಈ ಓಣಿಯ ತಲೆಯಲ್ಲಿ ಎಮ್ಮಟ್ ವಾಸವಾಗಿದ್ದಳು. ಗಂಡ ತೀರಿಹೋಗಿದ್ದ, ಸೀಸ್ಲಿ ಎಂಬ ಒಬ್ಬಳೇ ಮಗಳು. ನಮ್ಮಲ್ಲಿ ಅಂಬಲಿ ಹೇಗೋ, ಆ ಕಾಲದಲ್ಲಿ ಅಲ್ಲಿ ಏಲ್ ಹಾಗೆ. ಹೊಲಕ್ಕೆ ಹೋಗುವವನಿಗೂ ಅದೇ, ಬಾಣಂತಿಗೂ ಅದೇ. ಅದನ್ನು ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ಎಮ್ಮಟ್ ಬಾಗಿಲಲ್ಲಿ ಸೊಪ್ಪು ಕಟ್ಟಿದ ಕೋಲು ನಿಂತಿತೆಂದರೆ ಕೊಪ್ಪರಿಗೆ ಇಳಿದಿದೆ, ಹೊಸ ಏಲ್ ಸಿದ್ಧ ಎಂದರ್ಥ. ಜನ ಮಗೆ ಹಿಡಿದು ಸಾಲುಗಟ್ಟುತ್ತಿದ್ದರು. ಅವಳ ಏಲ್ ಸಿಹಿಯಾಗಿ, ಮಂದವಾಗಿ ಇರುತ್ತಿತ್ತಂತೆ. ಆದರೆ ಕೆಲವೇ ದಿನಗಳಲ್ಲಿ ಹುಳಿಯಾಗುತ್ತಿದ್ದುದರಿಂದ ಮಾಡಿದ್ದನ್ನು ಆಗಲೇ ಕುಡಿದು ಮುಗಿಸಬೇಕಿತ್ತು.

ಹೀಗಿರುವಾಗ ಸಮುದ್ರದಾಚೆಯ ಫ್ಲಾಂಡರ್ಸ್ ಸೀಮೆಯಿಂದ ಲೀವೆನ್ ಎಂಬವನು ಬಂದು, ಅವಳ ಮನೆಗಿಂತ ತುಸು ಕೆಳಗೆ ಮನೆ ಹಿಡಿದ. ಅವನೂ ಬಾರ್ಲಿಯನ್ನೇ ಕುದಿಸುತ್ತಿದ್ದ. ಆದರೆ ಅದಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂ ಹಾಕುತ್ತಿದ್ದ. ಅದನ್ನವನು ಬಿಯರ್ ಎಂದು ಕರೆದ. ಕಹಿ, ಆದರೆ ತಿಂಗಳುಗಟ್ಟಲೆ ಕೆಡದು. ಊರವರು ಒಂದು ಗುಟುಕು ಕುಡಿದು ಉಗುಳಿದರು. "ಕಹಿ ಬೇಕಾದವರು ಕಷಾಯ ಕುಡಿಯಲಿ" ಎಂದು ಎಮ್ಮಟ್ ಓಣಿಗೆಲ್ಲ ಕೇಳುವಂತೆ ಹೇಳಿದಳು. ಲೀವೆನ್ ತಲೆ ತಗ್ಗಿಸಿ ಒಳಗೆ ಹೋದ. ಅಂದಿನಿಂದ ಅವರಿಬ್ಬರ ನಡುವೆ ಮಾತಿಲ್ಲ.

ಆ ವರ್ಷ ಕೊಯ್ಲಿನ ಸಮಯಕ್ಕೆ ಸೀಸ್ಲಿಯ ಮದುವೆ ಗೊತ್ತಾಯಿತು. ಅಲ್ಲಿನ ಪದ್ಧತಿಯಂತೆ ಮದುಮಗಳ ತಾಯಿ ಕೈಯಾರೆ ಏಲ್ ಮಾಡಿ ಊರಿಗೆಲ್ಲ ಬಡಿಸಬೇಕು. ಕುಡಿದವರು ಪಾತ್ರೆಯೋ ಕಂಬಳಿಯೋ ಕುರಿಮರಿಯೋ ಕೊಟ್ಟು ಹೊಸ ಸಂಸಾರ ಹೂಡಿಸಬೇಕು. ಏಲಿಲ್ಲದ ಮದುವೆಯನ್ನು ಊರು ಮದುವೆಯೆಂದೇ ಎಣಿಸುತ್ತಿರಲಿಲ್ಲ. ಎಮ್ಮಟ್ ವರ್ಷವಿಡೀ ಒಳ್ಳೆಯ ಬಾರ್ಲಿ ಆರಿಸಿಟ್ಟು, ಮೊಳಕೆ ಕಟ್ಟಿ, ತನ್ನ ಜೀವನದಲ್ಲೇ ಇಂಥದ್ದು ಇಳಿದಿಲ್ಲ ಎನ್ನುವಂಥ ಏಲ್ ಮಾಡಿದಳು. ತೊಟ್ಟಿಗಳು ತುಂಬಿ ನಿಂತವು. ಮದುವೆ ಮರುದಿನ.

ಅಂದು ಮಧ್ಯಾಹ್ನ ಲೀವೆನ್ ಬಾರ್ಲಿ ಒಣಗಿಸುವ ಗೂಡಿನಿಂದ ಕಿಡಿ ಹಾರಿ ಅವನ ಮಾಡು ಹೊತ್ತಿಕೊಂಡಿತು. ಗಂಡಸರೆಲ್ಲ ದೂರದ ಹೊಲಗಳಲ್ಲಿದ್ದರು. ಬೇಸಗೆಗೆ ಬಾವಿ ತಳ ಕಂಡಿತ್ತು. ಹೊಳೆ ಗುಡ್ಡದ ಬುಡದಲ್ಲಿ. ಗಾಳಿ ಕೆಳಮುಖವಾಗಿ ಬೀಸುತ್ತಿತ್ತು. ಕೆಳಗಿನ ಸಾಲು ಮನೆಗಳಲ್ಲಿ ಇದ್ದವರು ಎದ್ದು ಓಡಲಾರದ ಮುದುಕರು, ತೊಟ್ಟಿಲ ಕೂಸುಗಳು.

"ಗಾಳಿ ನಿನ್ನ ಮನೆ ಕಡೆ ಇಲ್ಲ, ಎಮ್ಮಟ್. ದೇವರು ದೊಡ್ಡವನು" ಎಂದಳು ಪಕ್ಕದ ಮನೆಯಾಕೆ.

ಎಮ್ಮಟ್ ಹೊಸ್ತಿಲಿಗೆ ಬಂದಳು. ಲೀವೆನ್ ಒಬ್ಬನೇ ಖಾಲಿ ಬಕೆಟ್ ಹಿಡಿದು ಬಾವಿಗೂ ಮನೆಗೂ ಓಡಾಡುತ್ತಿದ್ದುದನ್ನು ನೋಡಿದಳು. ತನ್ನ ತೊಟ್ಟಿಗಳನ್ನು ನೋಡಿದಳು. ಆಮೇಲೆ ಮಗಳ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಸೀಸ್ಲಿ ಆಗಲೇ ಲಂಗ ಎತ್ತಿ ಕಟ್ಟಿ, ಕೊಡತಿ ಹಿಡಿದು ನಿಂತಿದ್ದಳು.

"ಯಾವುದನ್ನು ಮೊದಲು ಒಡೆಯಲಿ, ಅಮ್ಮಾ?"

ತೊಟ್ಟಿಗಳ ಬೆಣೆ ಕಳಚಿತು. ಕಂದುಬಣ್ಣದ ಏಲ್ ನೊರೆನೊರೆಯಾಗಿ ಹೊಸ್ತಿಲು ದಾಟಿ, ಓಣಿಯ ಕಾಲುವೆ ತುಂಬಿ ಕೆಳಗೆ ಹರಿಯಿತು. ಹೆಂಗಸರು ಸಾಲಾಗಿ ನಿಂತು ಮಡಕೆ, ಬೋಗುಣಿ, ಕೈಗೆ ಸಿಕ್ಕಿದ್ದರಲ್ಲಿ ಮೊಗೆದು ಮಾಡುಗಳ ಮೇಲೆ ಎರಚಿದರು. ಕೆಳಗಿನ ಮಾಡುಗಳ ಹುಲ್ಲು ತೊಯ್ದು ತೊಪ್ಪೆಯಾಯಿತು. ಬೆಂಕಿ ಅಲ್ಲಿಯವರೆಗೆ ಬಂದು, ಹಿಡಿಯಲು ಏನೂ ಸಿಗದೆ, ಬುಸುಗುಟ್ಟುತ್ತ ಸತ್ತಿತು. ಲೀವೆನ್ ಗೂಡು, ಮಾಡು ಸುಟ್ಟವು. ಒಂದು ಕೂಸಿನ ಕೂದಲೂ ಕೊಂಕಲಿಲ್ಲ. ಓಣಿಯ ತುದಿಯಲ್ಲಿ ನಿಂತ ಏಲನ್ನು ಹಂದಿಗಳು ನೆಕ್ಕಿ, ಸಂಜೆಯವರೆಗೂ ಓಲಾಡುತ್ತ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು ಎನ್ನುತ್ತಾರೆ.

ಹೊತ್ತು ಇಳಿಯುವಾಗ ಮಸಿ ಬಳಿದುಕೊಂಡ ಲೀವೆನ್ ಎಮ್ಮಟ್ ಬಾಗಿಲಿಗೆ ಬಂದ. ಕೃತಜ್ಞತೆ ಹೇಳಲು ಅವನಿಗೆ ಆ ಊರಿನ ಭಾಷೆ ಸಾಲಲಿಲ್ಲ.

"ಅಮ್ಮಾ, ನೆಲಮಾಳಿಗೆ ಸುಟ್ಟಿಲ್ಲ. ಪೀಪಾಯಿ ಎಲ್ಲ ಇವೆ. ಕಹಿ ಬಿಯರ್. ನಾಳೆ ಮದುವೆಗೆ ತರಲೇ?"

ಎಮ್ಮಟ್‌ಗೆ ಏಲ್ ಚೆಲ್ಲಿದ್ದಕ್ಕಿಂತ ಇದು ಕಷ್ಟವಾಯಿತು. ಮಗಳ ಮದುವೆಯಲ್ಲಿ ಇನ್ನೊಬ್ಬರ ಕೈಯ ಪೇಯ! ಸೊಪ್ಪು ಕಟ್ಟಿದ ಕೋಲನ್ನೊಮ್ಮೆ ನೋಡಿ, "ಮೊದಲು ನಾನು ರುಚಿ ನೋಡಬೇಕು" ಎಂದಳು. ಲೀವೆನ್ ಒಂದು ಮಗೆ ತುಂಬಿ ತಂದ. ಒಂದು ಗುಟುಕಿಗೆ ಎಮ್ಮಟ್ ಮುಖ ಕಿವುಚಿದಳು. ಇನ್ನೊಂದು ಗುಟುಕು ಕುಡಿದಳು. ಮಧ್ಯಾಹ್ನದಿಂದ ಹೊಗೆ ಕುಡಿದು ಒಣಗಿದ್ದ ಗಂಟಲು. ಮಗೆ ಬರಿದಾಯಿತು.

"ಕಹಿಯೇ" ಎಂದಳು. "ಆದರೆ ಸುಳ್ಳೇಕೆ ಹೇಳಲಿ, ದಾಹ ಹೋಯಿತು. ತನ್ನಿ, ಒಳಗೆ ಇಳಿಸಿ."

ಮರುದಿನ ಊರು ಕುಡಿಯಿತು. ಮೊದಲು ಎಮ್ಮಟ್ ಮುಖ ನೋಡಿ, ಆಮೇಲೆ ತನಗಾಗಿ. ಉಡುಗೊರೆಗಳಿಂದ ಸೀಸ್ಲಿಯ ಮನೆ ತುಂಬಿತು. ಮಾಡು ಹೊದಿಸಿಕೊಳ್ಳುವವರೆಗೆ ಲೀವೆನ್ ಎಮ್ಮಟ್ ಕೊಪ್ಪರಿಗೆಯಲ್ಲೇ ಕುದಿಸಿದನಂತೆ. ಆಮೇಲೂ ಬೇರೆ ಕೊಪ್ಪರಿಗೆ ಕೊಳ್ಳಲಿಲ್ಲವಂತೆ. ಕೆಲ್ಡರ್ಬಿಯಲ್ಲಿ ಮುಂದೆ ಎದ್ದ ದೊಡ್ಡ ಬಿಯರ್ ಕಾರ್ಖಾನೆಗೆ ಬುನಾದಿ ಆ ಒಂದೇ ಒಲೆ ಎನ್ನುತ್ತಾರೆ. ಕಾರ್ಖಾನೆ ಈಗ ಮುಚ್ಚಿದೆ. ಅದರ ಚಿಮಣಿಯಲ್ಲಿ ಪಾರಿವಾಳಗಳಿವೆ.

ಓಣಿಯ ತಲೆಯ ಮನೆಯ ಗೋಡೆಗೆ ಮಾತ್ರ ಇಂದಿಗೂ ಹಾಪ್ಸ್ ಬಳ್ಳಿ ಹಬ್ಬಿದೆ. ಅದರ ಮೊದಲ ಬೇರನ್ನು ಎಮ್ಮಟ್ ತಾನಾಗಿ ಕೇಳಿ ತಂದು ನೆಟ್ಟಳೆಂಬ ಮಾತಿದೆ. ಬೇಸಗೆಯ ಕೊನೆಗೆ ತಿಳಿಹಸಿರು ಹೂಗೊಂಚಲು ಕಿಟಕಿ ಮುಚ್ಚುವಷ್ಟು ಬಿಡುತ್ತದೆ. ಆ ಊರಿನಲ್ಲಿ ಮದುವೆಯಾದ ಜೋಡಿ ಅಲ್ಲಿಗೆ ಬಂದು, ಒಂದು ಹೂ ಕಿತ್ತು, ಅರ್ಧರ್ಧ ಜಗಿದು, ಕಹಿಗೆ ಮುಖ ಕಿವುಚಿಕೊಂಡು, ಒಬ್ಬರನ್ನೊಬ್ಬರು ನೋಡಿ ನಗುವುದನ್ನು ದಾರಿಹೋಕರು ಈಗಲೂ ಕಾಣಬಹುದು.