ಗುರಾಣಿ ಹಿಡಿದ ದರ್ಜಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಾವು ಐವರು ದಿನವೂ ಮೊಬೈಲಿನಲ್ಲಿ ಒಂದು ಯುದ್ಧದ ಆಟ ಆಡುತ್ತೇವೆ. ಒಬ್ಬ ತಪ್ಪಿಸಿಕೊಂಡರೆ ಐವರೂ ಸೋಲುತ್ತೇವೆ. ಅದೇ ಹೊತ್ತಿಗೆ ಮನೆಯವರೂ ಕರೆಯುತ್ತಾರೆ. ಮನೆಯ ಕಡೆ ಹೋದರೆ ಗೆಳೆಯರಿಗೆ ದ್ರೋಹ. ಹೋಗದಿದ್ದರೆ ಮನೆಗೆ ದ್ರೋಹ. ಯಾವುದನ್ನು ಬಿಡಲಿ?"

ಗುರುಗಳು ಹೇಳಿದರು:

ಒಬ್ಬ ದರ್ಜಿ ಇದ್ದ. ಅವನೂ ನಿನ್ನ ಹಾಗೆ ಆಡುತ್ತಿದ್ದ. ಐವರ ತಂಡ. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ, ದನಿ ಮಾತ್ರ ಗೊತ್ತು. ಆಟದಲ್ಲಿ ಗುರಾಣಿ ಹಿಡಿದು ಮುಂದೆ ನಿಲ್ಲುವವನು ದರ್ಜಿ. ಉಳಿದ ನಾಲ್ವರು ಅವನನ್ನು ನಂಬಿ ಹಿಂದೆ ನಡೆಯುತ್ತಿದ್ದರು. ಸಂಜೆ ಏಳಕ್ಕೆ ಆಟ.

ದರ್ಜಿಯ ತಂದೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಗನೇ ತುತ್ತು ಕೊಡಬೇಕು. ಅವರ ಊಟವೂ ಏಳಕ್ಕೇ. ತಂದೆ ಕರೆದರೆ ದರ್ಜಿ "ಎರಡು ನಿಮಿಷ, ಬಂದೆ" ಎನ್ನುತ್ತಿದ್ದ. ತಂಡದವರು ಕರೆದರೆ ಅವರಿಗೂ ಅದೇ ಮಾತು. ಎರಡು ಕಡೆಯೂ ಕಾಯುತ್ತಿದ್ದರು. ಏಕೆಂದು ಅವನು ಯಾರಿಗೂ ಹೇಳುತ್ತಿರಲಿಲ್ಲ.

ಒಂದು ದಿನ ಆಟ ಮುಗಿಸಿ ಒಳಗೆ ಹೋದ. ತಂದೆ ಎಡಗೈಯಿಂದ ಉಣ್ಣಲು ನೋಡಿದ್ದರು. ಅನ್ನ ಮಡಿಲಿಗೆ ಚೆಲ್ಲಿತ್ತು. ಒಂದೊಂದೇ ಅಗುಳು ಹೆಕ್ಕಿ ತಟ್ಟೆಗೆ ಹಾಕುತ್ತಿದ್ದರು.

"ಕರೆಯಬಾರದಿತ್ತೇ ಅಪ್ಪ?"

"ಕರೆದೆನಲ್ಲ. ನೀನು ಅಲ್ಲಿ ಯಾರಿಗೋ ಕಾವಲು ನಿಂತಿದ್ದೆ. ಇರಲಿ ಅಂದುಕೊಂಡೆ."

ದರ್ಜಿ ಅಂದೇ ಆಟ ಬಿಟ್ಟ. ತಂಡದವರಿಗೆ ಹೇಳಲಿಲ್ಲ. ನಕ್ಕಾರು ಎಂದು ನಾಚಿಕೆ.

ನಾಲ್ಕನೆಯ ದಿನ ತಂಡದ ನಾಯಕಿ ಫೋನ್ ಮಾಡಿದಳು. "ಏನಪ್ಪ ಗುರಾಣಿ, ಬದುಕಿದ್ದೀಯಾ? ನೀನಿಲ್ಲದೆ ನಾವು ಮೂರು ದಿನದಿಂದ ಸಾಯುತ್ತಿದ್ದೇವೆ."

"ಇನ್ನು ಬರುವುದಿಲ್ಲ ಅಕ್ಕ. ಏಳಕ್ಕೆ ಅಪ್ಪನಿಗೆ ಉಣಿಸಬೇಕು."

"ಇಷ್ಟು ದಿನ ಯಾರು ಉಣಿಸುತ್ತಿದ್ದರು?"

"ನಾನೇ ಅಕ್ಕ. ಆಟ ಮುಗಿಯುವವರೆಗೆ ಅಪ್ಪ ಕಾಯುತ್ತಿದ್ದರು."

ಆಕೆಗೆ ತಿಳಿಯಿತು. "ಬಾಯಿ ಬಿಟ್ಟು ಹೇಳುವುದಕ್ಕೆ ಏನಾಗಿತ್ತು ನಿನಗೆ? ಎಂಟಕ್ಕೆ ಆಡೋಣ. ನನ್ನ ಸಾರೂ ದಿನಾ ಸೀದುಹೋಗುತ್ತಿದೆ."

ಉಳಿದವರೂ ಒಪ್ಪಿದರು. ಮರುದಿನ ಏಳಕ್ಕೆ ದರ್ಜಿ ಫೋನನ್ನು ಮನೆಯ ಮುಂದಿನ ತನ್ನ ಅಂಗಡಿಯಲ್ಲೇ ಇಟ್ಟು ಬಂದು ತಂದೆಯ ಎದುರು ಕುಳಿತ. ನಡೆದದ್ದನ್ನು ಹೇಳಿದ. ತಂದೆ ತುತ್ತು ನುಂಗಿ ಕೇಳಿದರು: "ನನಗಾಗಿ ಕಾಯುತ್ತಾರಲ್ಲ, ಅವರದು ಊಟ ಆಯಿತಂತೇನು?"

ಎಂಟಕ್ಕೆ ದರ್ಜಿ ಆ ಪ್ರಶ್ನೆಯನ್ನು ತಂಡಕ್ಕೆ ಮುಟ್ಟಿಸಿದ. ಇಬ್ಬರು ಉಂಡಿರಲಿಲ್ಲ. ಅವರನ್ನು ಊಟಕ್ಕೆ ಕಳಿಸಿ ಮೂವರು ಕಾದರು. ಆಟ ತಡವಾಯಿತು. ಸೋತರು. ಯಾರೂ ಬೇಸರಪಡಲಿಲ್ಲ.

ಅಂದಿನಿಂದ ಆಟಕ್ಕೆ ಮುಂಚೆ ನಾಯಕಿ ಕೇಳುವುದು ಒಂದೇ: "ಅಪ್ಪ ಉಂಡರಾ?" ಮುಖ ಕಾಣದ ನಾಲ್ವರು ತನ್ನ ತಂದೆಯ ತುತ್ತಿಗೆ ಕಾದರು ಎಂಬುದನ್ನು ದರ್ಜಿ ಮರೆಯಲಿಲ್ಲ. ತಂದೆಯೂ ಮರೆಯಲಿಲ್ಲ. ಬಾಯಿ ಒರೆಸಿದ ಮೇಲೆ ಅವರೇ ಹೇಳುತ್ತಿದ್ದರು: "ಎದ್ದೇಳು, ನಿನ್ನವರು ಕಾಯುತ್ತಿದ್ದಾರೆ."

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಮನೆಯೂ ಉಳಿಯಿತು, ಆಟವೂ ಉಳಿಯಿತು. ಹಾಗಾದರೆ ಅವನು ಬಿಟ್ಟದ್ದೇನು?"

"'ಎರಡು ನಿಮಿಷ' ಎನ್ನುವ ಮಾತನ್ನು."