ಬದಲಿ ಆಮೆ

ಕಾಡಿನ ಹಾಕಿ ತಂಡಕ್ಕೆ ಕಾಡುಕೋಣ ಗೋಲ್‌ಕೀಪರ್. ಬದಲಿ ಗೋಲ್‌ಕೀಪರ್ ಆಮೆ ಮೂರು ವರ್ಷದಿಂದ ಪ್ಯಾಡ್ ಕಟ್ಟಿಕೊಂಡು ಅಂಚಿನಲ್ಲೇ ಕೂತಿತ್ತು. ಫೈನಲ್ಲಿನ ಕೊನೆಯ ನಿಮಿಷ, ಕಾಡಿನ ತಂಡಕ್ಕೆ ಒಂದೇ ಗೋಲಿನ ಮುನ್ನಡೆ, ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಅಷ್ಟರಲ್ಲಿ ಕೋಣದ ಕಾಲು ಉಳುಕಿ, ಆಮೆ ಕಣಕ್ಕಿಳಿಯಿತು.

“ಕಪ್ ಕೈತಪ್ಪಿತು,” ಎಂದಿತು ಆಟ ನೋಡಲು ಬಂದಿದ್ದ ನರಿ.

ದಿನವೂ ಅಭ್ಯಾಸ ನೋಡಲು ಬರುತ್ತಿದ್ದ ಅಳಿಲಿಗೆ ಮೈ ಉರಿಯಿತು. “ಕೋಣಣ್ಣ ಕೋಟೆಯಂಥವನು, ಒಪ್ಪಿದೆ. ಆದರೆ ಬೆಳಗಾದರೆ ನಮ್ಮ ಚಿರತೆಯ ಹೊಡೆತಕ್ಕೆ ಎದೆಯೊಡ್ಡುವುದು ಯಾರು? ಒಂದು ದಿನವಾದರೂ ಬಂದು ನೋಡಿದ್ದೀಯಾ?”

ಚೆಂಡು ಸಿಡಿದು ಬಂತು. ಆಮೆ ಅಡ್ಡಬಿದ್ದು ತಡೆಯಿತು.

ಚಿರತೆ ಓಡಿಬಂದು ತಬ್ಬಿಕೊಂಡಿತು. “ಇಂಥ ಹೊಡೆತ ತಡೆಯುವುದನ್ನು ಎಲ್ಲಿ ಕಲಿತೆ ಮಾರಾಯ?”

“ನಿನ್ನ ಹೊಡೆತಕ್ಕಿಂತ ಇದು ಮೆತ್ತಗಿತ್ತು ಕಣಣ್ಣ,” ಎಂದಿತು ಆಮೆ.