ಪಾಲಯ್ಯ ಹವಾಮಾನ ಕೇಳಿದ ಕತೆ

ಗಾಳಿಗುಡ್ಡದ ಬುಡದಲ್ಲಿ ಕುರಿ ಸಾಕೋರ ಒಂದು ಹಟ್ಟಿ. ಆ ಹಟ್ಟಿಯಲ್ಲಿ ಕಂಬಳಿ ನೇಯೋ ಬೋರಕ್ಕ. ಬೋರಕ್ಕನಿಗೆ ಪಾಲಯ್ಯ ಅಂತ ಒಬ್ಬನೇ ಮಗ. ಆಳು ನೋಡಿದರೆ ಬಾಗಿಲಿಗೆ ತಲೆ ತಗಲೋ ಅಷ್ಟು ಎತ್ತರ. ಮೈಗಳ್ಳನಲ್ಲ, ಎದುರು ಮಾತಾಡಿದವನಲ್ಲ. ಅವ್ವ ಹೇಳಿದ್ದನ್ನು ಮಾಡುತ್ತಿದ್ದ. ಆದರೆ ಹೇಳಿದ್ದನ್ನೇ ಮಾಡುತ್ತಿದ್ದ. ಬೋರಕ್ಕನ ಗೋಳೆಲ್ಲ ಅದೇ. "ಅಕ್ಕಿ ಆರಿಸಪ್ಪ" ಅಂದರೆ ಮೊರದ ಮುಂದೆ ಕೂತು ಉಫ್ ಉಫ್ ಅಂತ ಊದೋನು. "ಆರಿದೆ ಕಣವ್ವ, ಮುಟ್ಟಿ ನೋಡು, ತಣ್ಣಗಿದೆ" ಅನ್ನೋನು.

ಆ ವರ್ಷ ಚಳಿಗಾಲ ಮುಗೀತಾ ಬಂದಂಗೆ ಹವೆ ಕೆಟ್ಟಿತು. ಒಂದು ದಿನ ಗಾಳಿ, ಒಂದು ದಿನ ಮಂಜು, ನಡುವೆ ಹಲ್ಲು ಕಟಕಟ ಅನ್ನಿಸೋ ಚಳಿ. ದೊಡ್ಡಿ ತುಂಬ ಆಗತಾನೇ ಹುಟ್ಟಿದ ಕುರಿಮರಿಗಳು. ಹವೆ ಹಿಂಗೆ ಏರುಪೇರಾದರೆ ಅವು ಬದುಕೋದೇ ಕಷ್ಟ. ಬೋರಕ್ಕ ಮಗನನ್ನು ರೇಡಿಯೋ ಮುಂದೆ ಕೂರಿಸಿದಳು.

"ಮಗ್ಗದ ಸದ್ದಲ್ಲಿ ನನಗೆ ಏನೂ ಕೇಳಿಸಲ್ಲ ಕಣಪ್ಪ. ಹವಾಮಾನ ಹೇಳ್ತಾರಲ್ಲ, ಅದನ್ನ ಕೇಳಿಕೊಂಡು ಹೇಳು."

ಪಾಲಯ್ಯ ಕೇಳಿಕೊಂಡು ಬಂದ. "ಗುಡ್ಡಗಾಡಿನಲ್ಲಿ ಬಿರುಗಾಳಿ ಬೀಸುವ ಸಂಭವವಿದೆಯಂತೆ. ಸಂಭವ ಅಂದ್ರೆ ಏನವ್ವ?"

"ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂತ."

"ಅಷ್ಟನ್ನ ನಾನೂ ಹೇಳ್ತಿದ್ನಲ್ಲವ್ವ" ಅಂದ ಪಾಲಯ್ಯ.

ಬೋರಕ್ಕ ನಕ್ಕು, ಉಣ್ಣೆ ತರೋಕೆ ಸಂತೆಗೆ ಹೊರಟಳು. ಹೋಗ್ತಾ ಹೋಗ್ತಾ ಹೇಳಿದಳು, "ಗಾಳಿ ಎದ್ದೀತು. ಹಾರೋದನ್ನೆಲ್ಲ ಬಿಗಿಯಾಗಿ ಕಟ್ಟಿಹಾಕಪ್ಪ."

ಪಾಲಯ್ಯ ಅಂಗಳದಲ್ಲಿ ನಿಂತು ಯೋಚನೆ ಮಾಡಿದ. ಹಾರೋದು ಯಾವುದು? ದೊಡ್ಡಿಯ ಮಾಡು ಹಾರಿದ್ದನ್ನು ಅವನು ಕಂಡಿರಲಿಲ್ಲ. ಕೋಳಿ ಹಾರೋದನ್ನು ದಿನಾ ಕಾಣುತ್ತಿದ್ದ. ಕೋಳಿಗಳನ್ನೆಲ್ಲ ಅಟ್ಟಾಡಿಸಿ ಹಿಡಿದು, ಕಾಲಿಗೆ ಹಗ್ಗ ಬಿಗಿದು, ಗೂಟಕ್ಕೆ ಕಟ್ಟಿದ. ಬೇಲಿ ಹಾರೋ ಹುಂಜಕ್ಕೆ ಇನ್ನೊಂದು ಸುತ್ತು ಜಾಸ್ತಿ ಹಾಕಿದ. ಗಾಳಿ ಬಂತು. ದೊಡ್ಡಿಯ ಹುಲ್ಲಿನ ಮಾಡು ಎದ್ದು ಹೋಗಿ ಪಕ್ಕದ ಹೊಲದಲ್ಲಿ ಬಿತ್ತು. ಪಾಲಯ್ಯ ನೋಡಿದ. ಒಂದು ಕೋಳಿಯೂ ಅಲ್ಲಾಡಿರಲಿಲ್ಲ.

ಬೋರಕ್ಕ ಬಂದು ಹಣೆಹಣೆ ಚಚ್ಚಿಕೊಂಡಳು. "ಕೋಳಿ ಕಟ್ಟು ಅಂದ್ನೇನಲೇ? ಹವೆ ಕೆಟ್ಟಾಗ ಹೊರಗಿರೋದನ್ನೆಲ್ಲ ಒಳಗೆ ಸೇರಿಸಿ ಬಾಗಿಲು ಹಾಕಬೇಕು ಕಣೋ."

"ಹಂಗೇ ಆಗಲವ್ವ" ಅಂದ ಪಾಲಯ್ಯ.

ಆಮೇಲೆ ಬಂದದ್ದು ಮಂಜು. ಬೆಳಿಗ್ಗೆ ಎದ್ದರೆ ಗುಡ್ಡವಿಲ್ಲ, ಬೇಲಿಯಿಲ್ಲ, ತನ್ನ ಕೈ ತನಗೆ ಕಾಣದು. ಬೋರಕ್ಕ ಬಾವಿಗೆ ಹೋಗಿದ್ದಳು. ಅವ್ವ ಹೇಳಿದ್ದು ಪಾಲಯ್ಯನಿಗೆ ನೆನಪಾಯಿತು. ಹೊರಗೆ ಹೋಗಿ, ಕೈಗೆ ಸಿಕ್ಕಿದ್ದನ್ನೆಲ್ಲ ಒಳಗೆ ನೂಕತೊಡಗಿದ. ಕುರಿ ಸಿಕ್ಕಿತು, ಒಳಗೆ ನೂಕಿದ. ಪಕ್ಕದ ಮನೆ ಆಡು ಸಿಕ್ಕಿತು, ಒಳಗೆ ನೂಕಿದ. ಅಗಸರ ಕತ್ತೆ ಸಿಕ್ಕಿತು, ಒದ್ದಾಡಿತು, ಅದನ್ನೂ ಒಳಗೆ ನೂಕಿದ. ಆಮೇಲೆ ಯಾವುದೋ ಕಂಬಳಿ ಹೊದ್ದದ್ದು ಸಿಕ್ಕಿತು. ಅದು ಗೊಣಗಿತು, ಬೈಯಿತು. ಪಾಲಯ್ಯ ಬಿಡಲಿಲ್ಲ, ಒಳಗೆ ನೂಕಿ ಅಗಳಿ ಹಾಕಿದ.

ಬೋರಕ್ಕ ಬಂದು ಬಾಗಿಲು ತೆಗೆದರೆ, ಕತ್ತೆಗೂ ಗೋಡೆಗೂ ನಡುವೆ ಹಟ್ಟಿಯ ಯಜಮಾನ ಚಿಕ್ಕಣ್ಣ ಚೊಂಬು ಹಿಡಿದು ನಿಂತಿದ್ದ.

"ಬಯಲಿಗೆ ಹೊರಟಿದ್ದೆ ಬೋರಕ್ಕ" ಅಂದ ಯಜಮಾನ. "ಈಗ ಅದರ ಅವಸರ ಏನೂ ಉಳಿದಿಲ್ಲ."

ಬೋರಕ್ಕ ಕೈ ಮುಗಿದು ಕಳಿಸಿಕೊಟ್ಟಳು. ಮಗನ ಕಡೆ ತಿರುಗಿದಳು. "ಮಂಜು ಬಿದ್ದಾಗ ಜನರನ್ನ ಕೂಡಿಹಾಕ್ತಾರೇನಲೇ? ಕಂದೀಲು ಹಚ್ಚಿ ಹೊರಗೆ ನಿಂತು, ಈ ಕಡೆ ದಾರಿ, ಈ ಕಡೆ ದಾರಿ ಅಂತ ಕೂಗಬೇಕು."

"ಹಂಗೇ ಆಗಲವ್ವ."

ಮಂಜು ಹೋಯಿತು, ಶೀತಗಾಳಿ ಬಂತು. ಬಿಸಿಲಿದ್ದರೂ ಮೈ ನಡುಗುತ್ತಿತ್ತು. ಬೋರಕ್ಕ ಹಳ್ಳದಲ್ಲಿ ಉಣ್ಣೆ ತೊಳೆಯುತ್ತಿದ್ದಳು. ದೊಡ್ಡಿಯಲ್ಲಿ ಮರಿಗಳು ಒಂದಕ್ಕೊಂದು ಒತ್ತಿಕೊಂಡು ಗಡಗಡ ನಡುಗುತ್ತಿದ್ದವು. ಪಾಲಯ್ಯ ಅದನ್ನು ನೋಡಿದ. ಓಡಿ ಹೋಗಿ ಕಂದೀಲು ಹಚ್ಚಿಕೊಂಡು ಬಂದ. ನಡುಹಗಲಲ್ಲಿ ಅದನ್ನು ಎತ್ತಿ ಹಿಡಿದು, ಮರಿಗಳ ಮುಂದೆ ನಿಂತು, ಗಂಟಲು ಹರಿಯೋ ಹಂಗೆ "ಈ ಕಡೆ ದಾರಿ, ಈ ಕಡೆ ದಾರಿ" ಅಂತ ಕೂಗಿದ.

ದಾರಿಹೋಕನೊಬ್ಬ ನಿಂತು ಕೇಳಿದ, "ಎಲ್ಲಿಗಪ್ಪ ದಾರಿ?"

"ಅದು ನನಗೆ ಗೊತ್ತಿಲ್ಲಣ್ಣ. ಅವ್ವನ್ನ ಕೇಳಬೇಕು."

ಕೂಗು ಕೇಳಿ ಬೋರಕ್ಕ ಒದ್ದೆ ಸೀರೆಯಲ್ಲೇ ಓಡಿಬಂದಳು. ಒಂದು ಮರಿ ಆಗಲೇ ಕತ್ತು ಚೆಲ್ಲಿತ್ತು. ಅದನ್ನು ಮಡಿಲಿಗೆ ಹಾಕಿಕೊಂಡು, ಒಲೆ ಮುಂದೆ ಕೂತು, ತಿಕ್ಕಿ ತಿಕ್ಕಿ ಕಾವು ಕೊಟ್ಟಳು. ಸಂಜೆ ಹೊತ್ತಿಗೆ ಮರಿ ಕಣ್ಣು ಬಿಟ್ಟು ಮೇ ಅಂದಿತು. ಪಕ್ಕದಲ್ಲಿ ಕೂತಿದ್ದ ಪಾಲಯ್ಯ ಅಳುತ್ತಿದ್ದ. ಅವನನ್ನು ನೋಡಿ ಬೋರಕ್ಕನಿಗೆ ಜೋರಾಗಿ ಬೈಯೋಕೂ ಮನಸ್ಸು ಬರಲಿಲ್ಲ.

"ಚಳಿ ಅಂದ್ರೆ ಹಿಂಗೆ ಮಾಡ್ಬೇಕು ಮಗ. ಕಂಬಳಿ ಹೊದಿಸಿ, ಒಲೆ ಹತ್ರ ಕೂರಿಸಿ, ಬಿಸಿ ಗಂಜಿ ಕುಡಿಸಬೇಕು. ತಿಳೀತಾ?"

"ತಿಳೀತವ್ವ."

ಅದೇ ವಾರ ಪಾಲಯ್ಯನನ್ನು ನೋಡೋಕೆ, ಮಗಳಿಗೆ ಗಂಡು ಹುಡುಕುತ್ತಿದ್ದ ಕೆಂಚಪ್ಪ ಅನ್ನೋನು ಬರ್ತೀನಿ ಅಂತ ಹೇಳಿಕಳಿಸಿದ. ಈ ಮಗನಿಗೆ ಹೆಣ್ಣು ಕೊಡೋರು ಸಿಗಬಹುದು ಅಂತ ಬೋರಕ್ಕ ಕನಸಲ್ಲೂ ಅಂದುಕೊಂಡಿರಲಿಲ್ಲ. ಆವತ್ತು ಬೆಳಿಗ್ಗೆ ರೇಡಿಯೋದಲ್ಲಿ ಚಳಿ ಹೆಚ್ಚಲಿದೆ ಅಂದರು. ಬಂದದ್ದು ನೆತ್ತಿ ಸುಡೋ ಬಿಸಿಲು. ಬೋರಕ್ಕ ಬೆಲ್ಲ ತರೋಕೆ ಅಂಗಡಿಗೆ ಹೋದ ಹೊತ್ತಿಗೇ ಕೆಂಚಪ್ಪ ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತಾ ಬಂದ.

"ಉಸ್ಸಪ್ಪ" ಅಂತ ಜಗಲಿ ಮೇಲೆ ಕೂತ.

"ಅಲ್ಲಿ ಬ್ಯಾಡ ಮಾವ, ಚಳಿ" ಅಂದ ಪಾಲಯ್ಯ.

"ಎಲ್ಲೈತಪ್ಪ ಚಳಿ?"

"ರೇಡಿಯೋದಲ್ಲಿ ಹೇಳಿದ್ದಾರೆ."

ಕೈ ಹಿಡಿದು ಒಳಗೆ ಕರಕೊಂಡು ಹೋಗಿ ಒಲೆ ಮುಂದೆ ಕೂರಿಸಿದ. ಒಂದು ಕಂಬಳಿ ಹೊದಿಸಿದ. ಸಾಲದು ಅಂತ ಇನ್ನೊಂದು ಹೊದಿಸಿದ. ಒಲೆಗೆ ಸೌದೆ ತುರುಕಿದ. ಬಿಸಿ ಗಂಜಿ ಬಟ್ಟಲನ್ನು ಬಾಯಿಗೇ ಹಿಡಿದ. ಕೆಂಚಪ್ಪ ಏಳೋಕೆ ಹೋದಾಗಲೆಲ್ಲ ಮಮತೆಯಿಂದ ಭುಜ ಒತ್ತಿ ಕೂರಿಸಿದ.

ಬೋರಕ್ಕ ಬೆಲ್ಲ ಹಿಡಿದು ಬಂದಾಗ ಕೆಂಚಪ್ಪನ ಮುಖ ಕೆಂಡವಾಗಿತ್ತು. ಆಕೆಯ ಕೈಯಿಂದ ಬೆಲ್ಲ ಜಾರಿತು. ಎಲ್ಲ ಮುಗೀತು ಅಂದುಕೊಂಡು, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಗಾಳಿ, ಕೋಳಿ, ಕತ್ತೆ, ಕಂದೀಲು, ಏನೂ ಬಿಡಲಿಲ್ಲ.

ಕೆಂಚಪ್ಪ ಜಗಲಿಗೆ ಬಂದು ಬೆವರು ಒರೆಸಿಕೊಂಡ. "ಅಂದ್ರೆ, ಹೇಳಿದ್ದಕ್ಕೆ ಎದುರು ಹೇಳಲ್ಲ?"

"ಒಂದು ದಿನಕ್ಕೂ ಇಲ್ಲಣ್ಣ."

"ನಮ್ಮ ಹುಡುಗಿ ಮಾಳಮ್ಮನಿಗೆ ಹಿಂಗಲ್ಲ, ಹಂಗೆ ಅಂತ ದಿನವೆಲ್ಲ ಹೇಳೋ ಚಾಳಿ. ಅವಳು ಹೇಳಿದ್ದನ್ನ ಕೇಳೋ ಗಂಡು ಮೂರು ಊರಲ್ಲೂ ಸಿಕ್ಕಿಲ್ಲ" ಅಂದ ಕೆಂಚಪ್ಪ. "ಲಗ್ನ ಗೊತ್ತುಮಾಡೋಣ ಬೋರಕ್ಕ. ಮೊದಲು ಒಂದು ಚೊಂಬು ತಣ್ಣೀರು ಕೊಡು."

ಬೋರಕ್ಕನಿಗೆ ಅಳು, ನಗು ಎರಡೂ ಬಂದವು. ಬೀಗರು ಹೋದ ಮೇಲೆ ಮಗನನ್ನು ಕೂರಿಸಿಕೊಂಡು ಹೇಳಿದಳು, "ರೇಡಿಯೋ ಸಹವಾಸ ಸಾಕು ಕಣಪ್ಪ. ಇನ್ನುಮೇಲೆ ಹೊರಗೆ ಹೋಗು, ತಲೆಯೆತ್ತಿ ಕಣ್ಣಾರೆ ನೋಡು. ಚೆನ್ನಾಗಿ ನೋಡಿಕೊಂಡು, ಆಮೇಲೆ ಹೇಳು."

"ಹಂಗೇ ಆಗಲವ್ವ."

ಲಗ್ನದಲ್ಲಿ ಗಂಡು ಹೆಣ್ಣು ಕೂರೋಕೆ ಅಂತ ಬೋರಕ್ಕ ಹೊಸ ಕಂಬಳಿ ನೇಯ್ದಳು. ಕಪ್ಪು ಮೈ, ಬಿಳಿ ಅಂಚು. ನೂಲು ಗಟ್ಟಿಯಾಗಲಿ ಅಂತ ಹುಣಸೆಬೀಜದ ಗಂಜಿ ಹಚ್ಚಿ ಅಂಗಳದಲ್ಲಿ ಒಣಹಾಕಿದಳು. ಗುಡ್ಡದ ಮೇಲೆ ಮೋಡ ಕಂಡಿತು. "ಕಂಬಳಿ ಹತ್ರ ನಿಂತಿರು ಪಾಲ. ಮಳೆ ಬಂದ್ರೆ ಕೂಗು" ಅಂತ ಹೇಳಿ, ಅಡಿಗೆ ಕೋಣೆಯಲ್ಲಿ ರಾಗಿ ಬೀಸೋಕೆ ಕೂತಳು.

ಬೀಸಿ ಮುಗಿಸಿ ಕಲ್ಲು ನಿಲ್ಲಿಸಿದರೆ ಮಾಡಿನ ಮೇಲೆ ದಡಬಡ ಸದ್ದು. ಹೊರಗೆ ಬಂದಳು. ಅಂಗಳ ಕೆರೆಯಾಗಿತ್ತು, ಕಂಬಳಿಯಿಂದ ಗಂಜಿಯೆಲ್ಲ ಹಾಲಿನಂಗೆ ಹರಿದು ಹೋಗುತ್ತಿತ್ತು. ಪಾಲಯ್ಯ ಅದರ ಪಕ್ಕದಲ್ಲೇ, ತಲೆಯೆತ್ತಿ, ಕಣ್ಣು ಪಿಳಿಪಿಳಿ ಮಾಡುತ್ತಾ ನಿಂತಿದ್ದ.

"ಮಳೆ ಬಂದ್ರೆ ಕೂಗು ಅಂದಿದ್ನಲ್ಲೋ."

"ಚೆನ್ನಾಗಿ ನೋಡಿಕೊಂಡು ಹೇಳು ಅಂತಲೂ ಅಂದಿದ್ಯಲ್ಲವ್ವ" ಅಂದ ಪಾಲಯ್ಯ. "ನೋಡೋಣ ಅಂದ್ರೆ ಮೇಲಿಂದ ಕಣ್ಣಿಗೆ ನೀರು ಬೀಳ್ತಾ ಐತೆ, ಏನೂ ಕಾಣ್ತಿಲ್ಲ. ಇದು ನಿಲ್ಲಲಿ ತಡಿ, ಮಳೆ ಬಂತೋ ಇಲ್ವೋ ನೋಡಿ ಹೇಳ್ತೀನಿ."